ಬಾಗಿ ಆಡುವವರ ಬೆನ್ನು

ಕೊಡಗಿನ ನಾಪೋಕ್ಲು ಮೈದಾನದಲ್ಲಿ ಏಪ್ರಿಲ್ ಬಿಸಿಲು ನೆತ್ತಿಗೇರಿದೆ. ಗ್ಯಾಲರಿಯಲ್ಲಿ ತಮ್ಮ ಒಕ್ಕದ, ಅಂದರೆ ಮನೆತನದ, ಹೆಸರು ಕೂಗುವ ಅಜ್ಜಿಯರು, ಅಂಚಿನಲ್ಲಿ ಸ್ಟಿಕ್ ಹಿಡಿದು ಸರದಿ ಕಾಯುವ ಮಕ್ಕಳು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ತಂಡಗಳೊಂದಿಗೆ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ, 2024ರಲ್ಲಿ ಇಲ್ಲಿ 360 ತಂಡಗಳನ್ನು ಕಂಡಿತು.

ಆಟಗಾರರ ಬೆನ್ನುಗಳನ್ನೇ ನೋಡುತ್ತ ಕುಳಿತರೆ ಹಾಕಿ ಬೇರೆಯೇ ಆಟವಾಗಿ ಕಾಣುತ್ತದೆ. ಚೆಂಡು ನೆಲದಲ್ಲಿದೆ, ಸ್ಟಿಕ್ ಗಿಡ್ಡ. ಹಾಗಾಗಿ ಓಡುವಾಗಲೂ ಬಾಗಬೇಕು, ಬಾಗಿಯೇ ತಿರುಗಬೇಕು, ತಿರುಗುತ್ತಲೇ ಹೊಡೆಯಬೇಕು. ಬೆನ್ನುಮೂಳೆಯ ಇಕ್ಕೆಲದ ಸ್ನಾಯುಗಳಿಗೆ ಬಿಡುವೇ ಇಲ್ಲ. ಬೆಂಗಳೂರಿನ ಕಚೇರಿಯಲ್ಲಿ ವರ್ಷವಿಡೀ ಕುಳಿತಿದ್ದು, ಹಬ್ಬಕ್ಕೆಂದು ಊರಿಗೆ ಬಂದು ಜೆರ್ಸಿ ತೊಟ್ಟವನಿಗೆ ಈ ಭಾರ ಒಮ್ಮೆಲೇ ಬೀಳುತ್ತದೆ. ಚೆಂಡು ತಳ್ಳಿ ಎದ್ದವನು ಅರ್ಧಕ್ಕೇ ನಿಲ್ಲುತ್ತಾನೆ. ಕೈ ಸೊಂಟಕ್ಕೆ ಹೋಗುತ್ತದೆ. ‘ಹಿಡ್ಕೊಂಡ್ತು’ ಎನ್ನುತ್ತ ಅಂಚಿಗೆ ಬಂದು ಕೂರುತ್ತಾನೆ.

ಅಂದಿನ ಆಟ ಅವನಿಗೆ ಅಲ್ಲಿಗೆ ಮುಗಿಯಬೇಕು. ಆದರೆ ಹಾಸಿಗೆ ಹಿಡಿಯುವುದೂ ತಪ್ಪು. ಬಿಸಿ ಶಾಖ ಕೊಟ್ಟು, ನೋವು ತಡೆಯುವಷ್ಟು ನಡೆದಾಡುತ್ತಿದ್ದರೆ ಬಿಗಿದ ಸ್ನಾಯು ಸಡಿಲುತ್ತದೆ. ಇಂಥ ಉಳುಕು ಬಹುಪಾಲು ಕೆಲವೇ ವಾರಗಳಲ್ಲಿ ವಾಸಿಯಾಗುತ್ತದೆ. ಕಾಲಿನ ಬಲ ಕುಗ್ಗಿದರೆ, ತೊಡೆಸಂದಿ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹದಿಹರೆಯದವರಿಗೆ ಬೆನ್ನು ಹಿಂದಕ್ಕೆ ಬಾಗಿಸಿದಾಗಲೆಲ್ಲ ನೋವು ಬಂದು ವಾರಗಟ್ಟಲೆ ಉಳಿದರೆ, ಮೂಳೆಯಲ್ಲೇ ಬಿರುಕಿರಬಹುದು. ಅದನ್ನು ಉಳುಕೆಂದು ನೀವಿ ಬಿಡಬಾರದು.

ಮೈದಾನದ ಇನ್ನೊಂದು ತುದಿಯಲ್ಲಿ ಮುಂದಿನ ಪಂದ್ಯದ ತಂಡವೊಂದು ಮೈ ಬಿಸಿ ಮಾಡಿಕೊಳ್ಳುತ್ತಿದೆ. ಒಬ್ಬಳು ಮಂಡಿ, ಅಂಗೈ ಊರಿ, ಎದುರುಬದುರಿನ ಕೈಕಾಲನ್ನು ನೀಳವಾಗಿ ಚಾಚಿ ಅಲುಗದೆ ನಿಂತಿದ್ದಾಳೆ. ಪಕ್ಕದವಳು ಮೊಣಕೈ ಊರಿ ಮಗ್ಗುಲಾಗಿ ಮೈಯೆತ್ತಿ ಹಿಡಿದಿದ್ದಾಳೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನನ್ನು ದಶಕಗಳ ಕಾಲ ಅಭ್ಯಸಿಸಿದ ಸ್ಟುವರ್ಟ್ ಮ್ಯಾಕ್‌ಗಿಲ್ ಹೇಳಿಕೊಟ್ಟ ಮೂರು ವ್ಯಾಯಾಮಗಳಲ್ಲಿ ಎರಡು ಇವು. ನಡುವನ್ನು ಎಲ್ಲ ಕಡೆಯಿಂದ ಬಿಗಿಯಾಗಿ ಹಿಡಿದಿಡಲು ಸ್ನಾಯುಗಳಿಗೆ ಇವು ಕಲಿಸುತ್ತವೆ. ಆಡುವಾಗ ಮೊಣಕಾಲು, ಸೊಂಟದ ಕೀಲು ಚೆನ್ನಾಗಿ ಮಡಚಿದರೆ ಬೆನ್ನು ಬಾಗಬೇಕಾದದ್ದೂ ಅಷ್ಟು ಕಡಿಮೆ.

ಆದರೆ ಪಂದ್ಯದ ದಿನದ ಹತ್ತು ನಿಮಿಷ ಸಾಲದು. ಏಪ್ರಿಲ್‌ನಲ್ಲಿ ಒಕ್ಕದ ಜೆರ್ಸಿ ತೊಡುವವರು ಜನವರಿಯಲ್ಲೇ ಶುರುಮಾಡಲಿ. ಓಟ, ಬಾಗುವಿಕೆ, ಹೊಡೆತ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಲಿ. ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಹಬ್ಬವಿದು. ಇಲ್ಲಿ ಆಟಗಾರನ ಬೆನ್ನು ಬಾಳಬೇಕಾದದ್ದು ಒಂದು ಪಂದ್ಯಕ್ಕಲ್ಲ, ಮೂರು ತಲೆಮಾರಿಗೆ.