ಹಿರಿಯರಿಗೆ ಸಿಡಿಲಿನಂಥ ತಲೆನೋವೇ? ತಡ ಮಾಡಬೇಡಿ

ಮನೆಯಲ್ಲಿ ಯಾರಿಗಾದರೂ ತಲೆನೋವೆಂದರೆ ಹಣೆಗೆ ಶುಂಠಿ ಪಟ್ಟು ಹಾಕಿ, ಬಿಸಿ ಕಾಫಿ ಕೊಟ್ಟು ಮಲಗಿಸುತ್ತೀರಿ, ಅಲ್ಲವೇ? ಬಹುಪಾಲು ತಲೆನೋವಿಗೆ ಅಷ್ಟೇ ಸಾಕು. ಆದರೆ ನಿಮ್ಮ ಅತ್ತೆಯೋ ತಾಯಿಯೋ ಇದ್ದಕ್ಕಿದ್ದಂತೆ “ತಲೆ ಸಿಡಿದೇ ಹೋಯ್ತು ಕಣೇ, ಇಂಥ ನೋವು ಕಂಡಿದ್ದೇ ಇಲ್ಲ” ಎಂದು ಕೂಗಿಕೊಂಡರೆ, ಜೊತೆಗೆ ವಾಂತಿ, ಕತ್ತು ಬಿಗಿತ, ಮಂಪರು ಕಂಡರೆ, ಅದು ಮನೆಮದ್ದಿನ ಕಾಯಿಲೆಯಲ್ಲ.

ಮಿದುಳಿನ ರಕ್ತನಾಳದ ಗೋಡೆ ಒಂದು ಕಡೆ ದುರ್ಬಲವಾದಾಗ, ಸವೆದ ಸೈಕಲ್ ಟ್ಯೂಬಿನಂತೆ ಅಲ್ಲಿ ಪುಟ್ಟ ಗುಳ್ಳೆ ಉಬ್ಬುತ್ತದೆ. ಇದೇ ಅನ್ಯೂರಿಸಂ. ಅದು ಒಡೆದರೆ ಮಿದುಳಿನ ಸುತ್ತ ರಕ್ತ ಹರಡುತ್ತದೆ. ಗಂಡಸರಿಗಿಂತ ಹೆಂಗಸರಲ್ಲೇ ಇದು ಹೆಚ್ಚು.

ಒಮ್ಮೆ ಒಡೆದದ್ದು ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲೇ ಜಾಸ್ತಿ. ಆದ್ದರಿಂದ “ಬೆಳಗಾಗಲಿ, ನೋಡೋಣ” ಎನ್ನಬೇಡಿ. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಿಗೆ ನೀರು, ಕಾಫಿ, ನೋವಿನ ಮಾತ್ರೆ ಏನೂ ಹಾಕಬೇಡಿ. ಎಚ್ಚರ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಿ. ಅವರು ದಿನವೂ ನುಂಗುವ ಮಾತ್ರೆಗಳನ್ನು, ಮುಖ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು, ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

“ಎಪ್ಪತ್ತಾಯ್ತು, ಈ ವಯಸ್ಸಲ್ಲಿ ತಲೆ ಆಪರೇಷನ್ ಯಾಕೆ?” ಎಂದು ನೆಂಟರು ರಾಗ ಎಳೆಯಬಹುದು. ತಲೆಬುರುಡೆ ತೆರೆದು ಗುಳ್ಳೆಯ ಬುಡಕ್ಕೆ ಕ್ಲಿಪ್ ಹಾಕುವ ವಿಧಾನ 1937ರಿಂದಲೂ ಇದೆ. 1990ರ ದಶಕದಿಂದ ಇನ್ನೊಂದು ದಾರಿ ಬಂದಿದೆ. ತೊಡೆಯ ಸಂದಿಯ ರಕ್ತನಾಳದೊಳಗಿಂದ ತೆಳು ನಳಿಗೆ ತೂರಿಸಿ, ಗುಳ್ಳೆಯೊಳಗೆ ಪ್ಲಾಟಿನಂ ಸುರುಳಿ ತುಂಬುತ್ತಾರೆ. ತಲೆ ತೆರೆಯುವುದೇ ಬೇಡ. ಯಾವುದು ಒಳ್ಳೆಯದೆಂಬುದು ಗುಳ್ಳೆಯ ಜಾಗ, ಆಕಾರ ನೋಡಿ ವೈದ್ಯರು ಹೇಳಬೇಕಾದ ಮಾತು.

2008ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ 65 ದಾಟಿದ 278 ರೋಗಿಗಳಿದ್ದರು. ಕ್ಲಿಪ್ ಗುಂಪಿನಲ್ಲೂ ಸುರುಳಿ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷದ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ಇವರಲ್ಲಿ ಬಹುಮಂದಿ ಚಿಕಿತ್ಸೆಗೆ ಮುನ್ನ ಎಚ್ಚರವಾಗಿದ್ದವರು. ಆಳವಾದ ಪ್ರಜ್ಞಾಹೀನತೆಗೆ ಜಾರಿದವರ ವಿಷಯದಲ್ಲಿ ಇಷ್ಟು ಭರವಸೆ ಕೊಡಲಾಗದು. ಹಾಗಾಗಿ ವಯಸ್ಸೊಂದನ್ನೇ ನೋಡಿ ಕೈಚೆಲ್ಲಬೇಡಿ.

ಚಿಕಿತ್ಸೆಯಾದ ಮೇಲೂ ಎರಡು ವಾರ ರಕ್ತನಾಳಗಳು ಸಂಕುಚಿಸುವ ಭಯವಿರುತ್ತದೆ. ಅದಕ್ಕೇ ನಿಮೋಡಿಪಿನ್ ಎಂಬ ಔಷಧಿಯನ್ನು ಸಾಮಾನ್ಯವಾಗಿ 21 ದಿನ ಕೊಡುತ್ತಾರೆ. ಬೇಗ ಮನೆಗೆ ಕಳಿಸಿ ಎಂದು ಅವಸರ ಮಾಡಬೇಡಿ.

ಇನ್ನು ನಿಮ್ಮ ಕೈಯಲ್ಲೇ ಇರುವ ಎಚ್ಚರಿಕೆ ಎರಡು: ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪದಿರಲಿ, ಮನೆಯಲ್ಲಿ ಬೀಡಿ-ಸಿಗರೇಟು ಬೇಡವೇ ಬೇಡ.