‘ಸಿ’ ಗಣಕಭಾಷೆಯ ಕಲಿಕೆ: ಶಾಸ್ತ್ರ ಮತ್ತು ರೂಢಿ
(ಹಾಸನ ಪರಿಸರವನ್ನು ಅನುಲಕ್ಷಿಸಿ ಒಂದು ಜಾನಪದೀಯ ವಿವೇಚನೆ)

ಜಾನಪದವೆಂದರೆ ಹಳ್ಳಿಗರ ಹಾಡು, ಕತೆ, ಆಚರಣೆಗಳು ಮಾತ್ರ ಎಂಬ ಭಾವನೆ ನಮ್ಮ ಅಧ್ಯಯನ ವಲಯದಲ್ಲಿ ಬಹುಕಾಲ ಬೇರೂರಿತ್ತು. ಸಮಾನವಾದ ಒಂದಾದರೂ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪನ್ನು ‘ಜನಪದ’ವೆಂದು ಪರಿಗಣಿಸಬಹುದೆಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ 1965ರಲ್ಲಿಯೇ ಪ್ರತಿಪಾದಿಸಿದ್ದರು. ಈ ದೃಷ್ಟಿಯಿಂದ ನೋಡಿದರೆ ಗಣಕ ಪ್ರಯೋಗಾಲಯವೂ ಒಂದು ಜನಪದ ನೆಲೆಯೇ ಆಗಿದೆ. ಅಲ್ಲಿಯೂ ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಸಾಗುವ ತಿಳಿವಳಿಕೆಯಿದೆ, ಕಾರಣ ಕೇಳದೆ ಪಾಲಿಸುವ ಕಟ್ಟಳೆಗಳಿವೆ. ‘ಸಿ’ ಭಾಷೆಯ ವಿಲಕ್ಷಣತೆಗಳಲ್ಲಿ ಶಾಸ್ತ್ರ ಎಷ್ಟು, ರೂಢಿ ಎಷ್ಟು ಎಂಬುದನ್ನು ವಿಂಗಡಿಸಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಲ್ಲಿ ಆರಂಭವಾಯಿತು. ಅನಂತರದ ದಶಕಗಳಲ್ಲಿ ಜಿಲ್ಲೆಯಲ್ಲಿ ತಾಂತ್ರಿಕ ಶಿಕ್ಷಣ ವಿಸ್ತರಿಸಿದಂತೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳೂ ಗಣಕದ ಮುಂದೆ ಕುಳಿತರು. ಇಂಗ್ಲಿಷ್ ಮತ್ತು ‘ಸಿ’ ಎಂಬ ಎರಡು ಅಪರಿಚಿತ ಭಾಷೆಗಳು ಅವರಿಗೆ ಒಟ್ಟಿಗೇ ಎದುರಾದವು.

ನನ್ನ ಅಕ್ಕನ ಮಗಳು ಅಂಥವರಲ್ಲೊಬ್ಬಳು. 2010ರ ದಶಕದ ಆರಂಭದಲ್ಲಿ ಡಿಪ್ಲೊಮಾ ಓದುತ್ತಿದ್ದಾಗ ಒಮ್ಮೆ ಹೊಳೆನರಸೀಪುರದ ಮನೆಯಲ್ಲಿ ಅವಳು ನನ್ನನ್ನು ಕೇಳಿದ್ದಳು: “ಮಾವ, ಮೂವತ್ತು ಸಾವಿರಕ್ಕೆ ಹತ್ತು ಸಾವಿರ ಕೂಡಿದ್ರೆ ಸಾಲ ಬರುತ್ತಾ?” ಪ್ರಯೋಗಾಲಯದ ಗಣಕ ಅವಳಿಗೆ -25536 ಎಂಬ ಉತ್ತರ ಕೊಟ್ಟಿತ್ತು. ಅದೇ ಕ್ರಮವಿಧಿ ನೆರೆಮನೆಯ ಹೊಸ ಗಣಕದಲ್ಲಿ 40000 ಎಂದಿತ್ತು. ಕಾರಣ ಕೇಳಿದಾಗ “ಅದು ಹಾಗೇ, ಬಾಯಿಪಾಠ ಮಾಡು” ಎಂಬ ಉತ್ತರ ದೊರೆತಿತ್ತು. ತನಗೆ ಲೆಕ್ಕವೇ ಬಾರದೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಈ ಬರಹಕ್ಕೆ ಅವಳ ಪ್ರಶ್ನೆಯೇ ಪ್ರೇರಣೆ.

ಕೊಳಗದ ಅಳತೆ

‘ಸಿ’ ಭಾಷೆಯನ್ನು ಡೆನ್ನಿಸ್ ರಿಚಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದರು. ಅದರ ನಿರ್ಣಾಯಕ ಬೆಳವಣಿಗೆ ನಡೆದದ್ದು 1972ರ ಸುಮಾರಿಗೆ. 1973ರಲ್ಲಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನೇ ಈ ಭಾಷೆಯಲ್ಲಿ ಮರಳಿ ಬರೆಯಲಾಯಿತು. ಬರೆದ ಕ್ರಮವಿಧಿಯನ್ನು ಕಂಪೈಲರ್ ಎಂಬ ಭಾಷಾಂತರಕಾರ ಮೊದಲೇ ಯಂತ್ರದ ಸಂಕೇತಗಳಿಗೆ ಪರಿವರ್ತಿಸುತ್ತದೆ. ಯಂತ್ರಕ್ಕೆ ಇಷ್ಟು ಹತ್ತಿರವಾಗಿರುವುದರಿಂದಲೇ ಯಂತ್ರದ ಗುಣದೋಷಗಳು ಭಾಷೆಯಲ್ಲಿ ಎದ್ದು ಕಾಣುತ್ತವೆ.

ಪೂರ್ಣಾಂಕವನ್ನು ಇರಿಸುವ ‘ಇಂಟ್’ ಎಂಬ ಪಾತ್ರೆಯನ್ನೇ ಗಮನಿಸಬಹುದು. ಕರ್ನಿಘನ್ ಮತ್ತು ರಿಚಿ ಅವರ 1978ರ ಗ್ರಂಥದಲ್ಲಿ ಇದರ ಗಾತ್ರ ಪಿಡಿಪಿ-11 ಯಂತ್ರದಲ್ಲಿ 16 ಬಿಟ್, ಐಬಿಎಂ 370ರಲ್ಲಿ 32 ಬಿಟ್, ಹನಿವೆಲ್ 6000ರಲ್ಲಿ 36 ಬಿಟ್ ಎಂದು ನಮೂದಾಗಿದೆ. ನಮ್ಮ ಹಿರಿಯರಿಗೆ ಇದು ಸೋಜಿಗವೆನಿಸುತ್ತಿರಲಿಲ್ಲ. ಚನ್ನರಾಯಪಟ್ಟಣದ ರಾಗಿಯ ಕಣವಿರಲಿ, ಅರಕಲಗೂಡಿನ ಭತ್ತದ ಕಣವಿರಲಿ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಒಂದೇ. ಆದರೆ ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸಮವಾಗಿರಬೇಕೆಂಬ ನಿಯಮವಿರಲಿಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಊರಿಂದೂರಿಗೆ ಬದಲಾಗುವ ಅಳತೆಗಳನ್ನು ಮತ್ತೆ ಮತ್ತೆ ದಾಖಲಿಸಿದ್ದಾನೆ. ಹೆಸರು ಒಂದೇ, ಹಿಡಿಯುವ ಪ್ರಮಾಣ ಬೇರೆ.

ವಿದ್ಯಾರ್ಥಿನಿಯ ಒಗಟು ಇಲ್ಲಿ ಬಿಡುತ್ತದೆ. ಪ್ರಯೋಗಾಲಯದಲ್ಲಿದ್ದ ಟರ್ಬೊ ಸಿ ಕಂಪೈಲರಿನಲ್ಲಿ ‘ಇಂಟ್’ 16 ಬಿಟ್‌ನದು. ಅದು 32767ರವರೆಗೆ ಮಾತ್ರ ಹಿಡಿಯುತ್ತದೆ. ಅದನ್ನು ಮೀರಿದ ಮೊತ್ತ 65536ರಷ್ಟು ಹಿಂದಕ್ಕೆ ಸರಿದು ಋಣಸಂಖ್ಯೆಯಾಗಿ ತೋರಿತು. ಹೊಸ ಗಣಕದ ಪಾತ್ರೆ 32 ಬಿಟ್‌ನದಾದುದರಿಂದ ಅಲ್ಲಿ 40000 ಸಲೀಸಾಗಿ ಹಿಡಿಯಿತು. ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಮೊತ್ತ ಪಾತ್ರೆಯನ್ನು ಮೀರಿದರೆ ಏನಾಗಬೇಕೆಂದು ಭಾಷೆಯ ಮಾನಕವು ವಿಧಿಸಿಯೇ ಇಲ್ಲ. -25536 ಎಂಬ ಉತ್ತರ ಆ ಕಂಪೈಲರಿನ ರೂಢಿಯೇ ಹೊರತು ಶಾಸ್ತ್ರವಲ್ಲ.

ಲಾಭ ಮತ್ತು ಸೊನ್ನೆ

ಧಾನ್ಯ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಹೇಳಿ, ಬಳಿಕ ‘ಎರಡು’ ಎಂದು ಮುಂದುವರಿಸುವುದು ನಮ್ಮ ಕಣಗಳ ವಾಡಿಕೆ. ‘ಸಿ’ ಭಾಷೆಯ ಸರಣಿಯಲ್ಲಿಯೂ ಮೊದಲ ಮನೆಗೆ ‘ಒಂದು’ ಎಂಬ ಹೆಸರಿಲ್ಲ, ಅದು ಸೊನ್ನೆಯ ಮನೆ. ಹತ್ತು ಮನೆಗಳಿದ್ದರೆ ಕೊನೆಯದು ಒಂಬತ್ತನೆಯದಾಗುತ್ತದೆ. ಕಲಿಯುವವರು ಇಲ್ಲಿ ಎಡವುವುದು ಸಹಜ.

ಆದರೆ ಎರಡರ ಕಾರಣಗಳು ಬೇರೆ ಬೇರೆ. ‘ಲಾಭ’ ಎಂಬುದು ಮಂಗಳವಾಚಕ. ಸೊನ್ನೆಯಾದರೋ ಎಣಿಕೆಯಲ್ಲ, ದೂರ. ಹಾಸನದಿಂದ ಅರಕಲಗೂಡಿಗೆ ಹೊರಟವನಿಗೆ ಹೊರಟ ಜಾಗದಲ್ಲಿ ಕ್ರಮಿಸಿದ ದಾರಿ ಸೊನ್ನೆ, ಮೊದಲ ಕಲ್ಲಿನ ಬಳಿ ಒಂದು. ಹಾಗೆಯೇ ಸರಣಿಯ ಹೆಸರು ಅದರ ಆರಂಭದ ಸ್ಥಾನವನ್ನು ಸೂಚಿಸುತ್ತದೆ, ಪಕ್ಕದ ಅಂಕೆ ಅಲ್ಲಿಂದ ಎಷ್ಟು ಮನೆ ಸರಿಯಬೇಕೆಂಬುದನ್ನು ತಿಳಿಸುತ್ತದೆ. ‘ಎಷ್ಟನೆಯದು’ ಎಂದು ಕೇಳುವುದನ್ನು ಬಿಟ್ಟು ‘ಎಷ್ಟು ದೂರ’ ಎಂದು ಕೇಳಿದರೆ ವಿಲಕ್ಷಣತೆ ಇಲ್ಲವಾಗುತ್ತದೆ.

ಉಳಿದುಬಂದ ಹಳೆಯ ರೂಪ

ಕೆಲವು ವಿಲಕ್ಷಣತೆಗಳಿಗೆ ಯಂತ್ರವಲ್ಲ, ಇತಿಹಾಸವೇ ಕಾರಣ. ಬಿಟ್‌ಗಳನ್ನು ಹೋಲಿಸುವ & ಎಂಬ ಚಿಹ್ನೆಗಿಂತ ಸಮತೆಯನ್ನು ಪರೀಕ್ಷಿಸುವ == ಚಿಹ್ನೆಗೆ ಈ ಭಾಷೆಯಲ್ಲಿ ಹೆಚ್ಚಿನ ಆದ್ಯತೆಯಿದೆ. ಆವರಣ ಚಿಹ್ನೆ ಹಾಕದಿದ್ದರೆ ಅರ್ಥವೇ ಕೆಡುತ್ತದೆ. ‘ಸಿ’ಯ ಪೂರ್ವಜವಾದ ‘ಬಿ’ ಭಾಷೆಯಲ್ಲಿ & ಚಿಹ್ನೆಯೊಂದೇ ಎರಡು ಕೆಲಸಗಳನ್ನು ಮಾಡುತ್ತಿತ್ತು. ‘ಸಿ’ಯಲ್ಲಿ ತಾರ್ಕಿಕ ಪರೀಕ್ಷೆಗೆಂದು && ಎಂಬ ಹೊಸ ಚಿಹ್ನೆ ಬಂದಾಗಲೂ ಈಗಾಗಲೇ ಬರೆದಿದ್ದ ಕ್ರಮವಿಧಿಗಳು ಕೆಡದಿರಲೆಂದು & ಚಿಹ್ನೆಯನ್ನು ಹಳೆಯ ಸ್ಥಾನದಲ್ಲಿಯೇ ಬಿಡಲಾಯಿತು. ರಿಚಿ ಅವರೇ ಅನಂತರ ಇದನ್ನು ವಿವರಿಸಿದ್ದಾರೆ. ಟೈಲರ್ 1871ರಲ್ಲಿ ಸಂಸ್ಕೃತಿಯಲ್ಲಿ ಗುರುತಿಸಿದ ‘ಉಳಿಕೆ’ಗಳಿಗೆ ಇದು ಒಪ್ಪುವ ನಿದರ್ಶನ.

ಬುಟ್ಟಿಯಡಿಯ ಬೆಕ್ಕು

ಶ್ರಾದ್ಧದ ಅಡುಗೆಗೆ ಬಾಯಿ ಹಾಕೀತೆಂದು ತಂದೆ ಮನೆಯ ಬೆಕ್ಕನ್ನು ಬುಟ್ಟಿಯಡಿ ಕವುಚಿಟ್ಟ. ಬೆಕ್ಕೇ ಇಲ್ಲದ ಮಗ ಮುಂದೆ ಶ್ರಾದ್ಧದ ದಿನ ಊರೆಲ್ಲ ಅಲೆದು ಬೆಕ್ಕನ್ನು ತಂದು ಕವುಚಿದ. ಎಲ್ಲರೂ ಬಲ್ಲ ಈ ಕತೆಯ ಆಶಯ ಪ್ರಯೋಗಾಲಯದ ದಾಖಲೆ ಪುಸ್ತಕಗಳಲ್ಲಿಯೂ ಕಾಣುತ್ತದೆ.

ಬೋರ್ಲ್ಯಾಂಡ್ ಸಂಸ್ಥೆ 1987ರಲ್ಲಿ ಹೊರತಂದ ಟರ್ಬೊ ಸಿ ಡಾಸ್ ಕಾಲದ ಸಾಧನ. ಹಿಂದಿನ ಓಟದ ಅಕ್ಷರಗಳು ಪರದೆಯ ಮೇಲೆ ಉಳಿಯುತ್ತಿದ್ದುದರಿಂದ ಆರಂಭದಲ್ಲಿ ‘ಕ್ಲಿಯರ್ ಸ್ಕ್ರೀನ್’ ಆದೇಶ ಬೇಕಿತ್ತು. ಫಲಿತಾಂಶದ ಪರದೆ ತಕ್ಷಣ ಮರೆಯಾಗುತ್ತಿದ್ದುದರಿಂದ ಕೊನೆಯಲ್ಲಿ ಒಂದು ಕೀಲಿಗಾಗಿ ಕಾಯುವ ‘ಗೆಟ್ ಸಿಎಚ್’ ಬೇಕಿತ್ತು. ಲಿನಕ್ಸ್ ಪರಿಸರದಲ್ಲಿ ಈ ಎರಡು ಕಾರಣಗಳೂ ಇಲ್ಲ, ‘ಸಿ’ ಮಾನಕದಲ್ಲಿ ಈ ಆದೇಶಗಳೂ ಇಲ್ಲ. ಮಾನಕವು ‘ಇಂಟ್ ಮೇನ್’ ಎಂದು ವಿಧಿಸಿದರೂ ದಾಖಲೆ ಪುಸ್ತಕಗಳಲ್ಲಿ ‘ವಾಯ್ಡ್ ಮೇನ್’ ರೂಢಿಯಾಗಿ ನಿಂತಿತು. ಹೊಸ ಕಂಪೈಲರ್ ಇವನ್ನು ನಿರಾಕರಿಸಿದಾಗ ಭಾಷೆಯೇ ಬದಲಾಯಿತೆಂದು ಕಲಿಯುವವರು ಭ್ರಮಿಸುತ್ತಾರೆ. ಬದಲಾದುದು ಮನೆ ಮಾತ್ರ. ಬುಟ್ಟಿ ಇನ್ನು ಬೇಕಿಲ್ಲ.

ಉಪಸಂಹಾರ

ಒಟ್ಟಿನಲ್ಲಿ ‘ಅದು ಹಾಗೇ’ ಎಂಬ ಒಂದೇ ಮಾತಿನ ಅಡಿಯಲ್ಲಿ ಮೂರು ಬಗೆಯ ಸಂಗತಿಗಳು ಸೇರಿಕೊಂಡಿವೆ: ಯಂತ್ರದ ಸ್ವಭಾವದಿಂದ ಬಂದವು, ಭಾಷೆಯ ಇತಿಹಾಸದಿಂದ ಉಳಿದವು, ಪ್ರಯೋಗಾಲಯದ ರೂಢಿಯಿಂದ ಅಂಟಿದವು. ಮೊದಲನೆಯದನ್ನು ಅರ್ಥಮಾಡಿಕೊಳ್ಳಬೇಕು, ಎರಡನೆಯದನ್ನು ನೆನಪಿಡಬೇಕು, ಮೂರನೆಯದನ್ನು ಬಿಡಲು ಸಿದ್ಧರಿರಬೇಕು. ಈ ವಿಂಗಡಣೆಯನ್ನು ತಿಳಿಸದೆ ಎಲ್ಲವನ್ನೂ ಬಾಯಿಪಾಠಕ್ಕೆ ಒಪ್ಪಿಸಿದರೆ, ಭಾಷೆಯ ವಿಲಕ್ಷಣತೆಯನ್ನು ಕಲಿಯುವವರು ತಮ್ಮ ಬುದ್ಧಿಯ ಕೊರತೆಯೆಂದು ತಿಳಿಯುತ್ತಾರೆ. ಕೊಳಗದ ಲೆಕ್ಕ ಬಲ್ಲ ಮನೆಯಿಂದ ಬಂದ ಮಗುವಿಗೆ ‘ಇಂಟ್’ನ ಗಾತ್ರ ಪರಕೀಯವಾಗಬೇಕಾಗಿಲ್ಲ. ಆ ಮನೆಯ ಮಾತಿನಲ್ಲಿ ಕಾರಣವನ್ನು ಹೇಳುವವರು ಬೇಕು, ಅಷ್ಟೆ. ಜಾನಪದ ವಿದ್ವಾಂಸರೂ ಗಣಕ ಶಿಕ್ಷಕರೂ ಕೂಡಿ ಮಾಡಬೇಕಾದ ಕೆಲಸ ಇಲ್ಲಿದೆ.