ಹೊಸ ಪರದೆಯಲ್ಲೂ ಅಕ್ಷರ ಮಸುಕೇಕೆ?

ಮಗಳ ಓದಿಗೆಂದು ಮನೆಗೆ ಹೊಸ ಕಂಪ್ಯೂಟರ್ ಬರುತ್ತದೆ. ಅಕ್ಷರ ತೀರಾ ಚಿಕ್ಕದೆಂದು ಯಾರೋ ರೆಸಲ್ಯೂಶನ್ ತಗ್ಗಿಸುತ್ತಾರೆ. ಅಕ್ಷರವೇನೋ ದೊಡ್ಡದಾಗುತ್ತದೆ, ಆದರೆ ಮಸುಕಾಗುತ್ತದೆ. ಘಾತ 2 ಇದೆಯೋ 3 ಇದೆಯೋ ತಿಳಿಯದೆ ಲೆಕ್ಕವೇ ತಪ್ಪುತ್ತದೆ. ಪರದೆಯೇ ಕೆಟ್ಟಿದೆ ಎಂದು ಹೆತ್ತವರು ಅಂಗಡಿಗೆ ಓಡುತ್ತಾರೆ. ತಪ್ಪು ಪರದೆಯದಲ್ಲ.

ಎಲ್‌ಸಿಡಿ ಪರದೆ ಗ್ರಾಫ್ ಹಾಳೆಯಿದ್ದಂತೆ. ಅದರ ಚೌಕಗಳು, ಅಂದರೆ ಪಿಕ್ಸೆಲ್‌ಗಳು, ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತವೆ. ಫುಲ್ ಎಚ್‌ಡಿ ಪರದೆಯ ಪ್ರತಿ ಅಡ್ಡಸಾಲಿನಲ್ಲಿ 1920, ಕಂಬಸಾಲಿನಲ್ಲಿ 1080, ಒಟ್ಟು 20,73,600. ಇದೇ ಪರದೆಯ ಸಹಜ ರೆಸಲ್ಯೂಶನ್. ಅದಕ್ಕೆ 1280×720 ಅಳತೆಯ ಚಿತ್ರ ಕೊಟ್ಟರೆ, ಅಡ್ಡಕ್ಕೂ ಉದ್ದಕ್ಕೂ ಒಂದೊಂದು ಚುಕ್ಕೆ ಒಂದೂವರೆ ಚೌಕ ತುಂಬಬೇಕು. ಅರ್ಧ ಚೌಕಕ್ಕೆ ಬಣ್ಣ ಹಚ್ಚಲು ಪರದೆಗೆ ಬಾರದು. ಆಗ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ಹೊಂದಿಸಲಾಗುತ್ತದೆ. ಕಪ್ಪು ಅಕ್ಷರದ ಅಂಚು ಬೂದುಬಣ್ಣಕ್ಕೆ ತಿರುಗುತ್ತದೆ. ಮಸುಕಿನ ಗುಟ್ಟು ಇದೇ.

ಪರಿಹಾರಕ್ಕೆ ಹಣ ಬೇಕಿಲ್ಲ. ರೆಸಲ್ಯೂಶನ್ ಸಹಜ ಅಳತೆಯಲ್ಲೇ ಇರಲಿ; ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಅದರ ಪಕ್ಕ ‘ರೆಕಮೆಂಡೆಡ್’ ಎಂದಿರುತ್ತದೆ. ಅಕ್ಷರ ಚಿಕ್ಕದೆನಿಸಿದರೆ ‘ಸ್ಕೇಲ್’ ಅನ್ನು ಶೇ. 125ಕ್ಕೋ 150ಕ್ಕೋ ಏರಿಸಿದರಾಯಿತು. ಆಗ ಕಂಪ್ಯೂಟರ್ ಅಕ್ಷರವನ್ನು ಹಿಗ್ಗಿಸುವುದಿಲ್ಲ. ಹೆಚ್ಚು ಚೌಕ ಬಳಸಿ ಹೊಸದಾಗಿ ಬರೆಯುತ್ತದೆ. ಘಾತ 2, ಎರಡಾಗಿಯೇ ಕಾಣುತ್ತದೆ.